ಮರುವಾಯಿಗೆ ಸೇರು

ಇಪ್ಪತ್ತೆರಡು ವರ್ಷ ಅಜ್ಜರಕಾಡಿನ ಮೈದಾನದಲ್ಲಿ
ಒಂದೇ ಪರೀಕ್ಷೆ ಮಾಡಿದವ ನಾನು:
ಹನ್ನೆರಡು ನಿಮಿಷ, ಓಡಿ.
ಕಬಡ್ಡಿಯವರೂ ಓಡಿ, ಗುಂಡು ಎಸೆಯುವವರೂ ಓಡಿ,
ವಾಲಿಬಾಲಿನ ಉದ್ದ ಹುಡುಗರೇ, ನೀವೂ ಓಡಿ.
ಕೇರಂ ತಂಡವನ್ನೂ ಒಮ್ಮೆ ಓಡಿಸಿದ್ದುಂಟು.
ನಗಬೇಡಿ,
ಸುತ್ತೋಲೆಯಲ್ಲಿ ‘ಎಲ್ಲ ಕ್ರೀಡಾಪಟುಗಳು’ ಎಂದಿತ್ತು.

ಕೊರಳಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ನೀಲಿ ರಿಜಿಸ್ಟರು.
ಸೀಟಿ ಊದಿದರೆ ನಿಂತಲ್ಲೇ ಲೆಕ್ಕ;
ಗೆರೆಯಾಚೆ ಪಾಸು, ಈಚೆ ಕೆಂಪು ಶಾಯಿ.
ಬೆವರಿಗೆ ಭೇದವಿಲ್ಲವೆಂದು
ವಾರ್ಷಿಕೋತ್ಸವದಲ್ಲಿ ಭಾಷಣ ಬೇರೆ ಬಿಗಿದಿದ್ದೆ.

ಸುಗಂಧಿ ಮೆಂಡನ್, ದ್ವಿತೀಯ ಬಿ.ಕಾಂ., ಪಡುಕೆರೆ.
ರೈಡಿಗೆ ಹೋದರೆ ಬೆಕ್ಕಿನ ಹೆಜ್ಜೆ,
ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ.
ಏಳು ಜನರ ನಡುವೆ ಕೈ ಹಾಕಿ
ಮುಟ್ಟಿಸಿಕೊಂಡ ಭುಜಕ್ಕೆ ಗೊತ್ತಾಗುವ ಮೊದಲೇ ವಾಪಸು.
ನನ್ನ ಹನ್ನೆರಡು ನಿಮಿಷದಲ್ಲಿ
ಎಂಟನೆಯದಕ್ಕೆ ಸೊಂಟ ಹಿಡಿದು ಕೂತಳು.
ತಂಡ ಅವಳಿಲ್ಲದೆ ಮೂಡುಬಿದಿರೆಗೆ ಹೋಯಿತು,
ಎದೆ ತುಂಬ ಉಸಿರು ಉಳಿಸಿಕೊಂಡು
ಸೋತು ಬಂತು.

ಆ ಆದಿತ್ಯವಾರ ಮಲ್ಪೆಯಲ್ಲಿ ಮೀನಿಗೆ ಹೋದರೆ
ಎದುರಿಗೇ ಅವಳ ತಾಯಿ.
ಬೇರೆ ಬುಟ್ಟಿಯ ಕಡೆ ತಿರುಗಿದೆ, ತಡವಾಗಿತ್ತು.
“ಬನ್ನಿ ಮಾಸ್ಟ್ರೇ.” ಅಷ್ಟೆ.
ಬಂಗುಡೆಯನ್ನು ಎಣಿಸಿ ಹಾಕಿದರು, ನೂರಕ್ಕೆ ಐದು.
ಅಂಜಲ್ ತಕ್ಕಡಿಗೆ ಹೋಯಿತು.
ಬೂತಾಯಿಯ ತಟ್ಟೆ ಕವುಚಿದರು, ರಾಶಿಗೆ ಇಷ್ಟು.
ಮರುವಾಯಿಗೆ ಅಂಚು ಸವೆದ ಹಳೇ ಸೇರು.
ಆಮೇಲೆ ಕೈ ಒರೆಸುತ್ತ ಕೇಳಿದರು:
“ಆ ಆಟದಲ್ಲಿ ಒಂದು ಸಲ ಒಳಗೆ ಹೋದರೆ
ಎಷ್ಟು ಹೊತ್ತು?”
ಮೂವತ್ತು ಸೆಕೆಂಡು, ಎಂದೆ.
“ಹೌದಾ,” ಎಂದು
ಮುಂದಿನ ಗಿರಾಕಿಯ ಚೀಲ ಬಿಡಿಸಿದರು.

ಚಿಲ್ಲರೆ ಮರೆತು ಬಂದೆ.

ಯಾವ ಆಟ ಮೈಯಿಂದ ಏನು ಕೇಳುತ್ತದೆ?
ರಿಜಿಸ್ಟರಿನ ಹಿಂಬದಿಯಲ್ಲಿ ಬರೆಯತೊಡಗಿದೆ.
ಗುಂಡಿನವಳ ಇಡೀ ಲೋಕ ಏಳಡಿಯ ವೃತ್ತ.
ವಾಲಿಬಾಲಿನವ ಹಾರಬೇಕು,
ಐದನೇ ಸೆಟ್ಟಿನಲ್ಲೂ ಮೊದಲನೆಯದರಷ್ಟೇ.
ಈಜುವವನ ಉಸಿರನ್ನು
ಒಣ ನೆಲದಲ್ಲಿ ಅಳೆಯಲು ನಾನು ಯಾರು ಮಾರಾಯ್ರೆ?

ಈಗ ಗೋಡೆಯ ಮೇಲೆ ಸೀಮೆಸುಣ್ಣದ ಬೆರಳಚ್ಚುಗಳಿವೆ,
ಹಾರಿ ಮುಟ್ಟಿದಷ್ಟು ಎತ್ತರಕ್ಕೆ.
ಕಬಡ್ಡಿಗೆ ಕೋನುಗಳ ನಡುವೆ
ಮೂವತ್ತು ಸೆಕೆಂಡು ನುಗ್ಗಿ, ತಿರುಗಿ, ಹಿಂದೆ ಸರಿದು,
ಸ್ವಲ್ಪ ನಿಂತು, ಮತ್ತೆ. ಮತ್ತೆ.
ಎಂಟನೇ ಸಲಕ್ಕೂ ಹೆಜ್ಜೆ ಬೆಕ್ಕಿನದೇ ಉಂಟಾ,
ನೋಡಬೇಕಾದ್ದು ಅದು.
ಹನ್ನೆರಡು ನಿಮಿಷವನ್ನು ಬಿಸಾಡಿಲ್ಲ;
ಹೆಬ್ರಿಯ ಶಿವಾನಂದ ನಾಯ್ಕ, ಹತ್ತು ಸಾವಿರ ಮೀಟರಿನವ,
ಅದರಲ್ಲೇ ಮನೆ ಕಟ್ಟಿಕೊಂಡಿದ್ದಾನೆ.

ಈಗಲೂ ನಪಾಸಾಗುತ್ತಾರೆ.
ಫ್ಲೇವಿಯಾ ಲೋಬೊ ಮೊನ್ನೆ ಗೋಡೆಯ ಬುಡದಲ್ಲಿ ಕೂತು ಅತ್ತಳು,
ಗುರುತಿಗೆ ಮೂರು ಬೆರಳು ಕಡಿಮೆ.
ಯಾಕೆ ಸರ್, ಎಂದಳು.
ನೆಟ್ಟಿನತ್ತ ಕೈ ತೋರಿಸಿದೆ.
ಮೊದಲಾದರೆ ತೋರಿಸಲು
ನನ್ನ ಬಳಿ ಗಡಿಯಾರ ಮಾತ್ರ ಇತ್ತು.

ಸುಗಂಧಿ ಈಗ ಕಟಪಾಡಿಯ ಸೊಸೈಟಿಯಲ್ಲಿ ಗುಮಾಸ್ತೆ.
ಒಮ್ಮೆ ಬಸ್ಸಿನಲ್ಲಿ ಸಿಕ್ಕಿದಳು, ಸಂಜೆ ಆರರ ರಶ್ಶು.
ಚೆನ್ನಾಗಿದ್ದೀರಾ ಸರ್, ಎಂದು ನಕ್ಕಳು.
ಹೇಳಬೇಕೆಂದಿದ್ದುದನ್ನು ನಾನು ಹೇಳಲಿಲ್ಲ.
ಅವಳು ಇಳಿದದ್ದನ್ನು ನೀವು ನೋಡಬೇಕಿತ್ತು:
ಹಿಂದಿನ ಸೀಟಿನಿಂದ ಮುಂದಿನ ಬಾಗಿಲಿಗೆ,
ಅಷ್ಟು ಮೊಣಕೈಗಳ, ಟಿಫಿನ್ ಕ್ಯಾರಿಯರುಗಳ ನಡುವೆ
ಒಂದಕ್ಕೂ ಸಿಗದೆ,
ಕಂಡಕ್ಟರನ ಸೀಟಿಗಿಂತ ಒಂದು ಕ್ಷಣ ಮುಂಚೆ
ನೆಲದ ಮೇಲೆ.

ಅಭ್ಯಾಸಬಲ, ವಾಚು ನೋಡಿಕೊಂಡೆ.
ನಾಲ್ಕು ಸೆಕೆಂಡು.