ಎರಡನೇ ಕ್ಯಾಮೆರಾದ ಬಾಲ ಹಿಡಿದವನು

ನಾನು ನೋಡಿದ್ದು ಬರೀ ಕಾಲು.
ಮಿಲಾನಿನ ಸ್ಟುಡಿಯೋದಲ್ಲಿ ಹದಿನೇಳು ವರ್ಷ
ಎರಡನೇ ಕ್ಯಾಮೆರಾದ ಹಿಂದೆ ಸೊಂಟ ಬಗ್ಗಿಸಿ
ತೋಳಿನ ಗಾತ್ರದ ಕೇಬಲ್ಲನ್ನು ಎಮ್ಮೆಯ ಬಾಲದಂತೆ ಹಿಡಿದು
ಎಳೆದೆ, ಸುತ್ತಿದೆ, ಬಿಟ್ಟೆ.
ಶನಿವಾರ ರಾತ್ರಿ ಇಡೀ ಇಟಲಿ ಮುಖ ನೋಡುತ್ತಿತ್ತು,
ನಾನು ಹಿಮ್ಮಡಿ.

ಎದ್ವೀಜೆ ಪೆರ್ತೋಟ್ ಕೂಡ ನನಗೆ ಮೊದಲು ಗೊತ್ತಾದದ್ದು
ಒಂದು ಜೊತೆ ಬೂಟಾಗಿ. ಗಂಡಸರ ಬೂಟು.
ಎಡಗಾಲಿನದ್ದು ಮಾತ್ರ ಹೊರಮಗ್ಗುಲು ಸವೆದಿತ್ತು.
ಯುದ್ಧ ಮುಗಿದ ಮೇಲೆ, ತ್ರಿಯೆಸ್ತೆಯ ಬಂದರಿನ ಬಳಿ
ಅಮೆರಿಕದ ಸಿಪಾಯಿಗಳ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದಳಂತೆ;
ಸಂಬಳ ಡಬ್ಬಿ ಹಾಲು, ಎರಡು ಪೊಟ್ಟಣ ಸಿಗರೇಟು.
ಬಿಯರು ಚೆಲ್ಲಿದ ಹಲಗೆಯ ಮೇಲೆ ಒಂದು ರಾತ್ರಿ ಮಂಡಿ ತಿರುಗಿತು.
"ಕಾಲು ಹೋಯಿತು, ಎಣಿಕೆ ಉಳಿಯಿತು" ಎನ್ನುತ್ತಿದ್ದಳು,
ಯಾರದೋ ಸಾಲ ತೀರಿಸಿ ಬಂದವಳ ಹಾಗೆ.

ಹನ್ನೆರಡು ಹುಡುಗಿಯರು. ಮೇಲಿನಿಂದ ಚೀಟಿ ಬರುತ್ತಿತ್ತು:
ತೊಡೆ ಕಾಣಬಾರದು, ಕಪ್ಪು ಕಾಲುಚೀಲ ಇನ್ನೂ ದಪ್ಪಗಿರಲಿ,
ಸೊಂಟ ತಿರುಗಿದ ಕೂಡಲೇ ಕ್ಯಾಮೆರಾ ವಾದ್ಯದವರನ್ನು ನೋಡಲಿ.
ಚೀಟಿ ಮಡಿಸಿ ಎಡ ಬೂಟಿನೊಳಗೆ ತುರುಕಿಕೊಳ್ಳುತ್ತಿದ್ದಳು,
ಸವೆದ ಮಗ್ಗುಲಿಗೆ ಆಸರೆ.
ಸೊಂಟ ಬೇಡವೆ? ಸರಿ, ಮೊಣಕೈ ಕುಣಿಯಲಿ.
ಕುಣಿಯಿತು.
ಆ ಚಳಿಗಾಲವಿಡೀ ಟ್ರಾಮಿನಲ್ಲಿ, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ
ಹೆಂಗಸರ ಮೊಣಕೈಗಳು ಸುಮ್ಮನಿರಲಿಲ್ಲ.

ಆಮೇಲೆ ಮೇಲಿನ ಗಾಜಿನ ಕೋಣೆ ಸಿಕ್ಕಿತು. ನಿರ್ದೇಶಕಿ.
ಹಳಬರು "ಒಂದು ಬಿಡು, ಎರಡು ತಗೋ" ಎಂದು ಕೂಗುವ ಕಡೆ
ಅವಳು ಹೆಡ್‌ಫೋನಿನಲ್ಲಿ ಎಣಿಸುತ್ತಿದ್ದಳು:
ಐದು, ಆರು, ಏಳು, ಮತ್ತು.
ಆ "ಮತ್ತು"ವಿನಲ್ಲೇ ದೃಶ್ಯ ಮಗುಚಬೇಕು, ಎಂಟಕ್ಕೆ ಹೊತ್ತು ಮೀರಿತು.
"ಕ್ಯಾಮೆರಾ ಹದಿಮೂರನೇ ಹುಡುಗಿ,
ಅವಳಿಗೂ ಉಸಿರಿದೆ. ಬಾಲ ಹಿಡಿದವನೂ ಕಲಿಯಲಿ."
ಹೀಗೆ ನಾನು, ಬೆರ್ಗಮೊದ ಗಾರೆಯವನ ಮಗ,
ಬುಧವಾರದ ಮಧ್ಯಾಹ್ನಗಳಲ್ಲಿ ಬೂಟು ಕಳಚಿ
ಉಣ್ಣೆಯ ಕಾಲುಚೀಲದಲ್ಲಿ ಹೆಜ್ಜೆ ಹಾಕಿದೆ.
ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ.

ಏಣಿಗಳ ಕುಣಿತ ಒಂದೇ ಉಸಿರಿನದು, ನಾಲ್ಕು ನಿಮಿಷ, ಎಲ್ಲೂ ಕತ್ತರಿಯಿಲ್ಲ.
ಹನ್ನೆರಡು ಏಣಿ, ಹನ್ನೆರಡು ಹುಡುಗಿಯರು,
ನಡುವೆ ನುಸುಳುವ ಕ್ಯಾಮೆರಾ, ಅದರ ಹಿಂದೆ ನಾನು.
ಮೂರನೇ ನಿಮಿಷದಲ್ಲಿ ಒಂದು ಮಾತ್ರೆ ತಡವಾಯಿತು ನನಗೆ:
ಚಿತ್ರದ ಮೂಲೆಯಲ್ಲಿ ನನ್ನ ಪಾದ,
ಹರಿದ ಕಾಲುಚೀಲದಿಂದ ಹೊರಬಂದ ಹೆಬ್ಬೆರಳು.
ಕಿವಿಯಲ್ಲಿ ಮೌನ. ಆಮೇಲೆ ತ್ರಿಯೆಸ್ತೆಯ ಆಡುನುಡಿಯ ಒಂದು ಪದ,
ಅದನ್ನಿಲ್ಲಿ ಬರೆಯಲಾರೆ.

ಬಣ್ಣ ಬಂತು. ಖಾಸಗಿ ಚಾನೆಲ್ಲಿನ ಹುಡುಗರು ಬಂದರು, ಕಂದು ಸೂಟು.
ಹುಡುಗಿಯರು ನಿಂತರೆ ಸಾಕು, ನಕ್ಕರೆ ಸಾಕು ಎಂದರು.
"ಎಷ್ಟು ಎಣಿಕೆ ನಿಲ್ಲಬೇಕು?" ಕೇಳಿದಳು.
ಅವರು ನಕ್ಕರು. ಅವಳದು ತಮಾಷೆಯಾಗಿರಲಿಲ್ಲ.
ಕೋಟು ತೆಗೆದುಕೊಂಡಳು; ಮೆಟ್ಟಿಲ ಮೇಲೆ ಬೂಟಿನ ಸದ್ದು
ಒಂದು ಭಾರ, ಒಂದು ಹಗುರ, ಒಂದು ಭಾರ.
ಮುಂದೆ ಚರ್ಚಿನ ಸಭಾಂಗಣದಲ್ಲಿ ವಿಧವೆಯರಿಗೆ
ವಾಲ್ಟ್ಸ್ ಕಲಿಸಿದಳೆಂದು ಕೇಳಿದ್ದೇನೆ. ನೋಡಲು ಹೋಗಲಿಲ್ಲ.

ಟೇಪು ಆಗ ದುಬಾರಿ, ಅಳಿಸಿ ಬರೆಯುವುದೇ ರೂಢಿ.
ಅವಳ ಹನ್ನೊಂದು ವರ್ಷದ ಶನಿವಾರಗಳ ಮೇಲೆ
ಫುಟ್‌ಬಾಲು, ಸೈಕಲ್ ಪಂದ್ಯ, ಒಬ್ಬ ಮಂತ್ರಿಯ ಶವಯಾತ್ರೆ.
ಅವಳು ಹೋಗಿ ಒಂಬತ್ತು ವರ್ಷವಾಯಿತು.
ಹೋದ ತಿಂಗಳು ನೆಲಮಾಳಿಗೆಯ ಉಗ್ರಾಣದಿಂದ ಒಬ್ಬ ಹುಡುಗ ಕರೆದ:
ಅಜ್ಜ, ಈ ಪಂದ್ಯ ಮುಗಿದ ಮೇಲೆ ಏನೋ ಐದು ಸೆಕೆಂಡು ಉಳಿದಿದೆ,
ಇದು ಯಾರ ಕಾಲು, ಗೊತ್ತೆ?

ಎರಡು ಏಣಿಯ ಬುಡ. ಒಂದು ಕಪ್ಪು ಕಾಲುಚೀಲ, ಎತ್ತಿದ್ದು.
ಮೂಲೆಯಲ್ಲಿ ಒಂದು ಹೆಬ್ಬೆರಳು.

ಇನ್ನೊಮ್ಮೆ ಹಾಕಪ್ಪ ಎಂದೆ.
ಪಾಪ, ಮೂರು ಸಲ ಹಾಕಿದ.
ಮೂರು ಸಲವೂ ನಾನು ತಡ.