ಷರಾ

ಗುದೈಬಿಯಾದ ಓಣಿ. ಲಾಂಡ್ರಿಯ ಮೇಲಿನ ಮಹಡಿ.
ಕೆಳಗಿನ ಇಸ್ತ್ರಿಯ ಹಬೆ ಮೆಟ್ಟಿಲು ಹತ್ತಿ
ನಮ್ಮ ಬಾಗಿಲ ತನಕ ಬಂದು ನಿಲ್ಲುತ್ತದೆ,
ತನ್ನದೂ ಒಂದು ಅರ್ಜಿ ಉಂಟು ಎನ್ನುವ ಹಾಗೆ.

ಕಾಲೇಜಿಗೆ ಬೇಕಿದ್ದು ನೂರಿಪ್ಪತ್ತು ಗಂಟೆ.
ಸಂಬಳ ಇಲ್ಲ. ಬಸ್ಸಿನ ಕಾರ್ಡು,
ಮೂರಕ್ಕೆ ಒಂದು ಕರಕ್ ಚಹಾ.
ಸೇವೆ ಎಂದರೆ ಯಾರದೋ ತಲೆ ನೇವರಿಸುವುದು
ಎಂದುಕೊಂಡು ಬಂದವಳಿಗೆ
ಮಾರಿವಿಕ್ ಕೊಟ್ಟದ್ದು ಕತ್ತರಿ:
ದಾನ ಬಂದ ಬಟ್ಟೆಯ ಗಂಟು ಬಿಚ್ಚು,
ಹರಿದದ್ದು ಎಡಕ್ಕೆ, ತೊಡುವಂಥದ್ದು ಬಲಕ್ಕೆ.
ಜುಲೈ ತಿಂಗಳಲ್ಲಿ ಹನ್ನೊಂದು ಸ್ವೆಟರು.
ಒಂಟಿ ಚಪ್ಪಲಿಗಳು. ಜರಿಯ ಶೇರ್ವಾನಿ,
ಅದರ ಕಿಸೆಯಲ್ಲಿ ಒಣಗಿದ ಏಲಕ್ಕಿ.
ಕೊಡುವವರು ಕಿಸೆ ನೋಡಿಕೊಳ್ಳುವುದಿಲ್ಲ.

ಎರಡನೇ ವಾರ ಸಿತ್ರಾದ ಕ್ಯಾಂಪಿನಲ್ಲಿ ನೀರು ಹಂಚಿದೆವು.
ಬ್ಯಾನರಿನ ಎಡತುದಿ ಹಿಡಿಯುವುದು ನನ್ನ ಪಾಲಿಗೆ.
"ಸೊಟ್ಟ ಆಯ್ತು, ಇನ್ನೂ ಸ್ವಲ್ಪ ಮೇಲೆ" ಎಂದರು ಫೋಟೋದವರು.
ಎತ್ತಿದೆ.
ಬಾಟಲಿ ಕೈಯಲ್ಲಿದ್ದ ಮನುಷ್ಯ
ಫೋಟೋ ಮುಗಿಯುವ ತನಕ ಕುಡಿಯಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, "ನಿನಗೆ ಕನ್ನಡ ಬರುತ್ತದಲ್ಲ?"
ಬರುತ್ತದೆ. ಕುಂದಾಪುರದಿಂದ ಅಮ್ಮ ಕಟ್ಟಿಕೊಂಡು ಬಂದಷ್ಟು:
ಉಂಡ್ಯಾ, ಮಿಂದ್ಯಾ, ಎಲ್ಲಿಗ್ ಹೋಯಿದ್ದೆ, ಒಳ್ ಬಾ.
ಇಷ್ಟರಲ್ಲಿ ಒಂದು ದೂರು ಬರೆದುಕೊಳ್ಳುವುದು ಹೇಗೆ?

ಬೆಂಚಿನ ಮೇಲೆ ಗಂಗುಲಮ್ಮ. ಮುಳಬಾಗಿಲ ಕಡೆಯವಳು.
ರಿಫಾದ ಒಂದು ಅಡುಗೆಮನೆಯಿಂದ
ಕಸದ ಚೀಲ ಹಿಡಿದು ಹೊರಬಂದವಳು
ಚೀಲ ತೊಟ್ಟಿಗೆ ಹಾಕಿ ತಿರುಗಿ ಹೋಗಲಿಲ್ಲ.
ನಾನು ಪದಗಳಿಗೆ ತಡಕಾಡಿದೆ, ಅವಳೇ ಒಂದೊಂದಾಗಿ ಕೊಟ್ಟಳು:
ಮಾಲೀಕ. ತಾರೀಖು. ಕರಾರು. ಬಾಕಿ.
ಪಕ್ಕದ ಮೇಜಿನ ಬದ್ರಿಯಾ ಟೈಪಿಸುವುದು ನಿಲ್ಲಿಸಿ
"ಇವಳು ಅರಬ್ಬಿಯಲ್ಲೇ ಹೇಳುತ್ತಿದ್ದಾಳಲ್ಲ!"
ಅಲ್ಲ, ಕನ್ನಡ, ಎಂದೆ.
ಇಬ್ಬರೂ ನನ್ನ ಮುಖ ನೋಡಿದರು.
ಯಾವ ಕಾಲದಲ್ಲಿ, ಯಾರ ಲೆಕ್ಕದ ಪುಸ್ತಕದೊಳಗೆ ಕೂತು
ಮುಳಬಾಗಿಲು ಮುಟ್ಟಿದ್ದವೋ ಆ ಮಾತುಗಳು,
ಈಗ ಇವಳ ಬಾಯಲ್ಲಿ ಮರಳಿ ಬಂದು
ಕಾಯುವ ಬೆಂಚಿನಲ್ಲಿ ಕೂತಿದ್ದವು.

ಬದ್ರಿಯಾ ಆ ಮನೆಗೆ ಫೋನು ಹಚ್ಚಿದಳು, ಸ್ಪೀಕರಿನಲ್ಲಿ.
ಗಂಡಸಿನ ದನಿ. ಹಿಂದೆ ಮಕ್ಕಳ ಕಾರ್ಟೂನು.
"ಮಾ ಫೀ ಬಾಕಿ."
ಕೊಡಲು ಏನೂ ಉಳಿದಿಲ್ಲ, ಅಷ್ಟೇ ಅದರ ಅರ್ಥ.
ನಾನು ಬಾಯಿ ತೆರೆಯುವ ಮೊದಲೇ
ಗಂಗುಲಮ್ಮ ಎದ್ದು ನಿಂತಳು:
"ಮಾಫಿನಾ? ಯಾರಮ್ಮಾ ಮಾಫಿ ಮಾಡಿದ್ದು?
ಏಳು ತಿಂಗಳ ಸಂಬಳ. ನಾನಂತೂ ಮಾಡಿಲ್ಲ. ಬರ್ಕೋ."
ತಿದ್ದಲು ಹೋದೆ.
ತಿದ್ದಬೇಕಾದ್ದು ಯಾರನ್ನು ಎಂದು ತಿಳಿಯದೆ
ಬರೆದುಕೊಂಡೆ.

ಅಪ್ಪ ಕೋಲ್ಡ್ ಸ್ಟೋರ್ ಒಂದರ ಲೆಕ್ಕ ಬರೆಯುತ್ತಾರೆ.
ರಾತ್ರಿ ಕೇಳಿದೆ, ರಿಮಾರ್ಕ್ಸ್ ಎಂಬ ಕಾಲಮ್ಮಿಗೆ ನಮ್ಮಲ್ಲಿ ಏನಂತಾರೆ?
"ಷರಾ," ಎಂದರು ತಲೆಯೆತ್ತದೆ.
ಬೆಳಿಗ್ಗೆ ಬದ್ರಿಯಾ ನಕ್ಕಳು. ಅದೂ ನಮ್ಮದೇ, ಶರ್ಹ್:
ಬಿಡಿಸಿ ಹೇಳುವುದು.

ಬಿಡಿಸಿ ಹೇಳಲು ಅಲ್ಲಿ ಐವತ್ತು ಅಕ್ಷರದ ಜಾಗ.

ನೂರಿಪ್ಪತ್ತನೇ ಗಂಟೆಗೆ ಸರ್ಟಿಫಿಕೇಟು ಕೈಗೆ ಬಂತು,
ಲ್ಯಾಮಿನೇಷನ್ನಿನ ಬಿಸಿ ಇನ್ನೂ ಆರಿರಲಿಲ್ಲ.
ಗಂಗುಲಮ್ಮನಿಗೆ ಬಂದದ್ದು ವಿಮಾನದ ಟಿಕೆಟ್ಟು,
ಎರಡು ತಿಂಗಳ ದುಡ್ಡು. ಎಣಿಸಿದಳು, ಮತ್ತೆ ಎಣಿಸಿದಳು,
ಕುಪ್ಪಸದೊಳಗೆ ಇಟ್ಟುಕೊಂಡು ನನ್ನ ಕಡೆ ನೋಡದೆ ಇಳಿದು ಹೋದಳು.

ಕಡತ ಮುಚ್ಚಲು ಹಸಿರು ಗುಂಡಿ ಒತ್ತಬೇಕು.
ಒತ್ತುವ ಮೊದಲು ಷರಾದಲ್ಲಿ ಬರೆದೆ:
ಐದು ತಿಂಗಳು ಬಾಕಿ. ಮಾಫಿ ಮಾಡಿಲ್ಲ.
ಹಳೆಯ ಕಂಪ್ಯೂಟರು, ನಮ್ಮ ಲಿಪಿ ಅದಕ್ಕೆ ಗೊತ್ತಿಲ್ಲ.
ಸಾಲಾಗಿ ಮೂಡಿದವು ಖಾಲಿ ಚೌಕಗಳು.
ಮಾರಿವಿಕ್ ಬಗ್ಗಿ ನೋಡಿ, "ಕೆಟ್ಟಿದೆಯಾ ಇದು?"
ಇಲ್ಲ, ಎಂದೆ.
ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಒಂದು ಗಳಿಗೆ ಇತ್ತು.

ಮೂರು ಗಂಟೆ. ಚಹಾ ಬಂತು.