ಮೂವತ್ತೈದನೆಯ ಸೆಕೆಂಡು

ಮಡಿಕೇರಿಯ ಆಸ್ಪತ್ರೆಯ ಈ ತಣ್ಣನೆ ಕೋಣೆಯಲ್ಲಿ
ಗಡಿಯಾರ ನಾನೇ.
ಸ್ಕ್ಯಾನ್ ಯಂತ್ರಕ್ಕೆ ಇಂಗ್ಲಿಷು, ಹಿಂದಿ ಬರುತ್ತಿತ್ತು. ಹೋದ ವರ್ಷ
ನೆಗಡಿಯ ದಿನ ನನ್ನ ದನಿಯನ್ನೇ ಅದಕ್ಕೆ ತುಂಬಿಸಿದೆ:
ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ.
ಇವತ್ತಿಗೂ ಬಂದವರೆಲ್ಲ
ನನ್ನ ಆ ಕಟ್ಟಿದ ಮೂಗಿನ ಮಾತು ಕೇಳುತ್ತಾರೆ.

ಈಗ ಮಲಗಿರುವುದು ವೇಲಾಯುಧ,
ಸಿದ್ದಾಪುರದಾಚೆಯ ತೋಟದಲ್ಲಿ ಪಂಪ್ ನೋಡುವವನು,
ಮೂವತ್ತು ಬೇಸಿಗೆ ಕಾಫಿ ಮೊಗ್ಗಿಗೆ ನೀರು ಹಾರಿಸಿದವನು.
ಚೀಟಿಯಲ್ಲಿ: ಹಳೆಯ ಕಾಮಾಲೆ, ಬಿ.
ಕೈಗೆ ಚುಚ್ಚಿದ ಹಸಿರು ಸೂಜಿ ನೋಡಿ
"ಎಷ್ಟಿಂಚಿನ ಪೈಪು?" ಎಂದ. ತಮಾಷೆಯಲ್ಲ,
ನಿಜವಾಗಿಯೇ ಕೇಳಿದ್ದ.

ಮೈಯೆಲ್ಲ ಬಿಸಿಯಾಗುತ್ತೆ, ಉಚ್ಚೆ ಹೋದ ಹಾಗನ್ನಿಸುತ್ತೆ,
ಹೋಗಿರೋದಿಲ್ಲ, ಎಂದೆ.
"ಪ್ರೆಷರ್ ಬಿಟ್ಟಾಗ ಹಳೇ ಹೋಸೂ ಹಾಗೇ ನಡುಗ್ತದೆ."

ಲಿವರಿಗೆ ಎರಡು ಲೈನು, ವೇಲಾಯುಧ.
ಒಂದು ಹೃದಯದ ಕಡೆಯಿಂದ ನೇರ, ಅವಸರದ್ದು.
ಇನ್ನೊಂದು ಕರುಳನ್ನೆಲ್ಲ ಬಳಸಿ, ಉಂಡದ್ದನ್ನು ಹೊತ್ತು
ಸಾವಕಾಶ ಬರುವ ದೊಡ್ಡ ತೋಡು.
ಮುಕ್ಕಾಲು ದಾಹ ಆ ತೋಡಿನಿಂದಲೇ ತೀರುವುದು.
ಕೆಟ್ಟದ್ದು ಬೆಳೆದರೆ ತೋಡಿಗೆ ಕಾಯುವುದಿಲ್ಲ,
ಮೇನ್ ಲೈನಿಗೇ ತೂತು ಕೊರೆಯುತ್ತದೆ.
ಇದನ್ನೆಲ್ಲ ಹೇಳಲಿಲ್ಲ. ಹೇಳುವ ಕೆಲಸ ನನ್ನದಲ್ಲ.
ಗಾಜಿನ ಈಚೆ ಬಂದು ಬಟನ್ ಒತ್ತಿದೆ.

ಹದಿನೈದು. ಇಪ್ಪತ್ತು. ಮಹಾಧಮನಿ ಬೆಳ್ಳಗಾಯಿತು.
ಮೂವತ್ತೈದು.
ಅಲ್ಟ್ರಾಸೌಂಡಿನವರು ಕಂಡು ಹೆದರಿಸಿ ಕಳಿಸಿದ
ಕಿತ್ತಳೆ ಗಾತ್ರದ ಗಡ್ಡೆ ಕಪ್ಪಗೆ ಕೂತಿತ್ತು,
ಅಂಚಿನಲ್ಲಿ ನಾಲ್ಕೈದು ಬಿಳಿ ಚುಕ್ಕಿ.
ಎಪ್ಪತ್ತು: ತೋಡು ಬಂತು. ಯಕೃತ್ತು ಇಡಿಯಾಗಿ ಬೆಳಗಿತು,
ಚುಕ್ಕಿಗಳು ಒಂದರತ್ತ ಒಂದು ಕೈಚಾಚಿದವು.
ಐದನೇ ನಿಮಿಷ: ಅಂಚಿನಿಂದ ಒಳಕ್ಕೆ, ಇನ್ನೂ ಒಳಕ್ಕೆ,
ಒಣಗದ್ದೆಯ ಬಿರುಕಿಗೆ ನೀರಿಳಿದಂತೆ, ಗಡ್ಡೆ ತುಂಬಿಕೊಂಡಿತು.
ಬರೀ ರಕ್ತನಾಳದ ಗೋಜಲು. ಎಷ್ಟೋ ವರ್ಷದಿಂದ ಜೊತೆಗಿದ್ದು
ಒಂದು ದಿನವೂ ಕಾಟ ಕೊಡದ್ದು.

ಯಂತ್ರದೊಳಗಿನ ನಾನು ಬಿಡಿ ಅನ್ನುವ ಮೊದಲೇ
ಈಚೆಗಿನ ನಾನು ಉಸಿರು ಬಿಟ್ಟೆ.

ಆಮೇಲೆ ಮತ್ತೆ ಹಿಂದಕ್ಕೆ ಸರಿಸಿದೆ.
ಬೊಳ್ಳಮ್ಮ ಡಾಕ್ಟರ್ ಬೈದು ಕಲಿಸಿದ ಅಭ್ಯಾಸ:
ದೊಡ್ಡದು ಸಿಕ್ಕಿತು ಅಂತ ಹುಡುಕೋದು ನಿಲ್ಲಿಸಬೇಡ.

ಮೂವತ್ತೈದರಲ್ಲಿ, ಮೇಲೆ, ಮೂಲೆಯಲ್ಲಿ,
ಕಾಫಿ ಹಣ್ಣಿನಷ್ಟು ಒಂದು.
ತೋಟವೆಲ್ಲ ಮೊಗ್ಗಲ್ಲಿರುವಾಗ
ಒಂದೇ ಗಿಡ ಅರಳಿದಷ್ಟು ಬೆಳ್ಳಗೆ.
ಎಪ್ಪತ್ತರಲ್ಲಿ ಮಸುಕು.
ಐದನೇ ನಿಮಿಷಕ್ಕೆ ಸುತ್ತ ಬೆಳಕು, ಅಲ್ಲೊಂದು ತೂತು.
ಮೊದಲು ಕುಡಿದದ್ದು. ಮೊದಲು ಬರಿದಾದದ್ದು.

ಅವನು ಎದ್ದು ಕೂತು ಅಂಗಿ ಹುಡುಕುತ್ತಿದ್ದ.
"ಎಲ್ಲಾ ಕಡೆ ಹೋಯ್ತಾ ನೀರು?"
ಹೋಯ್ತು, ಎಂದೆ. ಸುಳ್ಳಲ್ಲ.
"ಒಂದೇ ಜೆಟ್ಟು ಎಲ್ಲಕ್ಕಿಂತ ಮುಂಚೆ ಹಾರಿದ್ರೆ
ನಮ್ಗೆ ಭಯ. ಎಲ್ಲೋ ಏನೋ ತಪ್ಪಿದೆ ಅಂತ."
ಗುಂಡಿ ಹಾಕಿಕೊಳ್ಳುತ್ತ, ಸುಮ್ಮನೆ, ಮಾತಿಗೆ ಅಂದದ್ದು.

ಹತ್ತಿ ಒತ್ತಿ ಹಿಡಿಯಲು ಹೇಳಿದೆ.
ಆ ಒಂದು ಕವಲನ್ನೇ ಹುಡುಕಿಕೊಂಡು ಹೋಗಿ
ವಾಲ್ವು ಮುಚ್ಚುವವರು ಮೈಸೂರಿನಲ್ಲಿದ್ದಾರೆ;
ಚಿಕ್ಕದಿರುವಾಗಲೇ ಸಿಕ್ಕಿದೆ;
ಇವೂ ನನ್ನ ಬಾಯಿಂದ ಬರುವ ಮಾತುಗಳಲ್ಲ.
ನೂರಾ ಹನ್ನೆರಡನೆಯ ಚಿತ್ರದಲ್ಲಿ
ಡಾಕ್ಟರಿಗೆಂದು ಒಂದು ಬಾಣ ಹಾಕಿದೆ,
ಸಣ್ಣದು.
ಅಳಿಸಿ, ಸ್ವಲ್ಪ ದೊಡ್ಡದು ಹಾಕಿದೆ.